ಮಾಚೇನಹಳ್ಳಿ ದಾಟಿ

ಹದಿನೆಂಟು ವರ್ಷದಲ್ಲಿ ಪುಷ್ಪಮ್ಮ ಕಡದಕಟ್ಟೆಯಿಂದ ಮಲವಗೊಪ್ಪದವರೆಗೆ ಬಂದಿದ್ದಳು. ಈ ಪ್ರಯಾಣದ ಸಂಗತಿ ಸ್ವತಃ ಪುಷ್ಪಮ್ಮನಿಗೇ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಭದ್ರಾವತಿ ನ್ಯೂಟೌನಿನ ಅದೇ ಕ್ವಾರ್ಟರ್ಸಿನಲ್ಲಿ ಇದ್ದಳು. ಮುಂದೆ ಮುಂದೆ ಬಂದದ್ದು ಅವಳ ಎದೆಯ ಸುತ್ತಳತೆ. ಅದನ್ನು ಬರೆದಿಟ್ಟುಕೊಂಡವಳು ಟೈಲರ್ ಸುವರ್ಣಮ್ಮ.

ಸುವರ್ಣಮ್ಮ ನ್ಯೂಟೌನಿನಲ್ಲಿ ಹೆಂಗಸರ ಹೊಲಿಗೆ ಅಂಗಡಿ ತೆರೆದದ್ದು ಎಂಬತ್ತನಾಲ್ಕರಲ್ಲಿ. ಶುರುವಿನಲ್ಲಿ ಎಲ್ಲರಂತೆ ಅವಳೂ ಮೂವತ್ತಾರು, ಮೂವತ್ತೆಂಟು ಎಂದು ಅಂಕಿಯಲ್ಲೇ ಬರೆಯುತ್ತಿದ್ದಳು. ಒಂದು ದಿನ ಗಿರಾಕಿಯೊಬ್ಬಳ ಗಂಡ ಬ್ಲೌಸ್ ಒಯ್ಯಲು ಬಂದವನು ಮೇಜಿನ ಮೇಲೆ ತೆರೆದಿದ್ದ ಪುಸ್ತಕದಲ್ಲಿ ಬೆರಳಾಡಿಸುತ್ತ, ತನ್ನ ಹೆಂಡತಿಯದಲ್ಲದ ಸಾಲುಗಳನ್ನೂ ಪಂಚಾಂಗ ಓದುವವನಂತೆ ನಿಧಾನವಾಗಿ ಓದುತ್ತಿದ್ದ. ಸುವರ್ಣಮ್ಮ ದಪ್ಪ ರಟ್ಟಿನ ಆ ಪುಸ್ತಕವನ್ನು ಪಟ್ಟೆಂದು ಮುಚ್ಚಿದಳು. ಅವನ ಬೆರಳು ಒಳಗೇ ಇತ್ತು.

ಆವತ್ತೇ ಅವಳು ಅಂಕಿ ಬಿಟ್ಟಳು. ಗಂಡ ಷಣ್ಮುಖಪ್ಪ ಭದ್ರಾವತಿ-ಶಿವಮೊಗ್ಗ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಊಟಕ್ಕೆ ಕೂತರೂ ಬಾಯಲ್ಲಿ ಸ್ಟಾಪುಗಳೇ ಇರುತ್ತಿದ್ದವು. ಸುವರ್ಣಮ್ಮ ಆ ಸ್ಟಾಪುಗಳನ್ನೇ ತೆಗೆದುಕೊಂಡಳು. ಭದ್ರಾವತಿ ಬಸ್‌ಸ್ಟ್ಯಾಂಡ್ ಎಂದರೆ ಮೂವತ್ತು ಇಂಚು. ಅಲ್ಲಿಂದ ಸ್ಟಾಪಿಗೆ ಎರಡೆರಡು ಇಂಚು. ಕಡದಕಟ್ಟೆ ಮೂವತ್ತೆರಡು, ನಡುವೆ ಒಂದು ಸ್ಟಾಪು ಬಿಟ್ಟು ಮಾಚೇನಹಳ್ಳಿ ಮೂವತ್ತಾರು, ನಿದಿಗೆ ಮೂವತ್ತೆಂಟು, ಮಲವಗೊಪ್ಪ ನಲವತ್ತು. ನಡುವಿನ ಇಂಚಿಗೆ 'ದಾಟಿ'. 'ಮಾಚೇನಹಳ್ಳಿ ದಾಟಿ' ಎಂದರೆ ಮೂವತ್ತೇಳು. ಶಿವಮೊಗ್ಗ ತಲುಪಿದವರು ಬೆರಳೆಣಿಕೆಯಷ್ಟು ಮಂದಿ, ಅವರ ಮೇಲೆ ಅವಳಿಗೆ ವಿಶೇಷ ಗೌರವವಿತ್ತು.

ಪುಸ್ತಕದಲ್ಲಿ ಒಂದೊಂದು ಸಾಲಿಗೆ ಗಿರಾಕಿಯ ಹೆಸರು, ಮನೆ ನಂಬರು, ಸ್ಟಾಪು, ಕೊನೆಗೆ ಒಂದು ಷರಾ. ತೋಳು, ಕುತ್ತಿಗೆಯ ಅಳತೆಗಳು ಫ್ಯಾಶನ್ ಬಂದ ಹಾಗೆ ಬದಲಾಗುವಂಥವು. ಅವನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ ಮಾಡುತ್ತಿದ್ದಳು. ಷರಾದಲ್ಲಿ ಗಿರಾಕಿ ಹೇಳಿದ ಮಾತೇ ಇರುತ್ತಿತ್ತು. ಪುಷ್ಪಮ್ಮ ಪ್ರತಿಸಲವೂ ಹೇಳುತ್ತಿದ್ದುದು ಒಂದೇ ಮಾತು: ಬಿಗಿ ಬೇಡ. ಅವಳ ನಾದಿನಿ ಈಶ್ವರಮ್ಮ ಹೇಳುತ್ತಿದ್ದುದು: ಒಳಗೆ ಬಟ್ಟೆ ಬಿಡಿ.

ಸ್ಟಾಪಿನ ಗುಟ್ಟು ಗೊತ್ತಿದ್ದದ್ದು ಗಂಡ ಹೆಂಡಿರಿಬ್ಬರಿಗೆ ಮಾತ್ರ. ಮಗ ಮುರಳಿಗೆ ಹೇಳಿರಲಿಲ್ಲ. ಊರ ಹೆಂಗಸರ ಎದೆಯಳತೆಯ ವಿಷಯವನ್ನು ಗಂಡು ಮಗನ ಹತ್ತಿರ ಮಾತಾಡುವುದು ಹೇಗೆ? ಅವನ ಪಾಲಿಗೆ ಅದು ಅಮ್ಮನ 'ಗಿರಾಕಿ ಪುಸ್ತಕ', ಅಷ್ಟೆ.

ಎರಡು ಸಾವಿರದ ಎರಡನೇ ಇಸವಿ. ಮುರಳಿ ಶಿವಮೊಗ್ಗದ 'ಸಿರಿಸೆರಗು' ಎಂಬ ಸೀರೆ ಮಳಿಗೆಯಲ್ಲಿ ಕೆಲಸಕ್ಕಿದ್ದ. ಮಾಲೀಕ ಚಂದ್ರಶೇಖರಪ್ಪ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ವ್ಯಾಪಾರಿಗಳಿಗಾಗಿ ನಡೆದ ಒಂದು ದಿನದ ತರಬೇತಿಗೆ ಹೋಗಿ ಬಂದಿದ್ದರು. ಹೋಗುವಾಗ ಸಾದಾ ಬಟ್ಟೆ ವ್ಯಾಪಾರಿಯಾಗಿದ್ದವರು ಬರುವಾಗ 'ಡೇಟಾ' ಎಂಬ ಮಾತು ಹೊತ್ತು ಬಂದರು. ಅಲ್ಲಿ ಟೈ ಕಟ್ಟಿದವನೊಬ್ಬ, ಇನ್ನು ಮುಂದೆ ಸೀರೆಗಿಂತ ಸೀರೆ ಉಡುವವರ ಹೆಸರಿಗೇ ಬೆಲೆ ಹೆಚ್ಚು ಎಂದು ಹೇಳಿದ್ದನಂತೆ. ವಾರದೊಳಗೆ ಮಳಿಗೆಗೆ ಒಂದು ಕಂಪ್ಯೂಟರ್ ಬಂತು, ಅದರ ಮುಂದೆ ಕೂರಲು ಹೊಳಲೂರಿನ ಮೋನಿಕಾ ಎಂಬ ಹುಡುಗಿ ಬಂದಳು. ಅದರ ಹೊಟ್ಟೆಗೆ ಹಾಕಲು ಹೆಸರು ತರುವ ಕೆಲಸ ಮುರಳಿಯ ತಲೆಗೆ ಬಂತು.

ಮುರಳಿ ಮೊದಲು ಕೂಪನ್ ಅಚ್ಚು ಹಾಕಿಸಿದ. ಹೆಸರು, ವಿಳಾಸ, ಫೋನು, ಹುಟ್ಟಿದ ದಿನ, ಮದುವೆಯಾದ ದಿನ ತುಂಬಿ ಡಬ್ಬಿಗೆ ಹಾಕಬೇಕು, ಗೆದ್ದವರಿಗೆ ಮಿಕ್ಸಿ. ಮಿಕ್ಸಿಯ ಆಸೆಗೆ ಒಬ್ಬೊಬ್ಬರು ಹತ್ತತ್ತು ಹೆಸರಿನಲ್ಲಿ ತುಂಬಿದರು. ಮನೆಯಲ್ಲಿ ಫೋನಿಲ್ಲದವರು ಪಕ್ಕದವರ ಪಿ.ಪಿ. ನಂಬರ್ ಬರೆದರು. ಒಂದೇ ನಂಬರಿಗೆ ನಲವತ್ತು ಹೆಂಗಸರು ಸಿಕ್ಕಿದರು. ಫೋನ್ ತಿರುಗಿಸಿ ನೋಡಿದರೆ ಅದೊಂದು ಹಿಟ್ಟಿನ ಗಿರಣಿ. ಹುಟ್ಟಿದ ದಿನದ ಜಾಗದಲ್ಲಿ ಒಬ್ಬಾಕೆ 'ದೊಡ್ಡ ನೆರೆ ಬಂದ ವರ್ಷ' ಎಂದು ಬರೆದಿದ್ದಳು. ಚಂದ್ರಶೇಖರಪ್ಪ ಕೂಪನ್ನುಗಳನ್ನು ಮುರಳಿಯ ಮುಂದೆ ಸುರಿದು, ತಮಗೆ ಬೇಕಾದದ್ದು ನಿಜವಾದ ಹೆಂಗಸರು, ನಿಜವಾದ ಮನೆ ಎಂದು ಹೇಳಿ, ತಿಂಗಳ ಗಡುವು ಕೊಟ್ಟರು.

ಸುವರ್ಣಮ್ಮ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆಂದು ಎರಡು ದಿನ ಊರಲ್ಲಿ ಇರಲಿಲ್ಲ. ಮುರಳಿ ಪುಸ್ತಕವನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ದು, ಅಮ್ಮ ಬರುವಷ್ಟರಲ್ಲಿ ಕತ್ತರಿಯ ಪಕ್ಕ ಇದ್ದ ಹಾಗೇ ಇಟ್ಟಿದ್ದ. ಇದು ಸುವರ್ಣಮ್ಮನಿಗೆ ತಿಳಿದದ್ದು ಒಂದೂವರೆ ತಿಂಗಳಾದ ಮೇಲೆ, ಪುಷ್ಪಮ್ಮ ಕೈಯಲ್ಲಿ ಎರಡು ಲಕೋಟೆ ಹಿಡಿದು ಅಂಗಡಿಗೆ ಬಂದಾಗ.

"ಸುವರ್ಣಕ್ಕ, ಈ ಬಿಗಿಬೇಡ ಅನ್ನೋನು ಯಾರು ಅಂತ ನಮ್ಮನೆಯವರು ಬೆಳಿಗ್ಗೆಯಿಂದ ಕೇಳ್ತಿದಾರೆ. ನಾನು ಏನಂತ ಹೇಳ್ಲಿ?"

ಲಕೋಟೆಯ ಮೇಲೆ ಕಂಪ್ಯೂಟರ್ ಅಕ್ಷರದಲ್ಲಿ ಅಚ್ಚಾಗಿತ್ತು: ಶ್ರೀಮತಿ ಪುಷ್ಪಮ್ಮ ಕೋಂ ಬಿಗಿಬೇಡ, ಮನೆ ನಂ. 212, ಮಲವಗೊಪ್ಪ, ಭದ್ರಾವತಿ. ಒಳಗಿನ ಕಾಗದದಲ್ಲಿ, ಮಲವಗೊಪ್ಪದಲ್ಲಿ ನೆಲೆಸಿರುವ ತಮ್ಮಂಥ ಅಭಿರುಚಿಯುಳ್ಳ ಮಹಿಳೆಯರಿಗಾಗಿಯೇ ಹೊಸ ಸೀರೆಗಳು ಬಂದಿವೆ ಎಂದು ಸಿರಿಸೆರಗಿನವರು ತಿಳಿಸಿದ್ದರು. ಎರಡನೆಯದು ನಾದಿನಿಯದು: ಶ್ರೀಮತಿ ಈಶ್ವರಮ್ಮ ಕೋಂ ಒಳಗೆಬಟ್ಟೆಬಿಡಿ, ಮನೆ ನಂ. 212, ಮಾಚೇನಹಳ್ಳಿ. ನ್ಯೂಟೌನಿನ ಪೋಸ್ಟ್‌ಮ್ಯಾನ್ ಮನೆ ನಂಬರು ನೋಡಿ, ಊರನ್ನು ಲೆಕ್ಕಿಸದೆ ತಂದು ಕೊಟ್ಟಿದ್ದ.

ಪುಷ್ಪಮ್ಮ ನಗುತ್ತಲೇ ಮಾತಾಡುತ್ತಿದ್ದಳು. ಕಬ್ಬಿಣ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುವ ಅವಳ ಗಂಡ, ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಬಿಗಿಬೇಡನ ವಿಷಯ ಹೊರಗೆ ಬಂತಲ್ಲ ಎಂದು ತಮಾಷೆ ಮಾಡಿದ್ದನಂತೆ. ಆದರೆ ಒಂದೇ ಮನೆ, ಒಂದೇ ಒಲೆ, ಇಬ್ಬರಿಗೂ ಬೇರೆ ಬೇರೆ ಊರು ಯಾಕೆ ಎಂದು ಕೇಳುವಾಗ ಅವಳ ನಗು ಸ್ವಲ್ಪ ನಿಂತಿತು. ಬಿಗಿ ಬೇಡ ಎನ್ನುವ ಮಾತನ್ನು ತಾನು ಆಡುವುದು ಲೋಕದಲ್ಲಿ ಒಂದೇ ಜಾಗದಲ್ಲಿ ಎಂಬುದು ಅವಳಿಗೆ ನೆನಪಾದಂತಿತ್ತು.

ಸುವರ್ಣಮ್ಮ ಕಂಪ್ಯೂಟರಿನ ತಪ್ಪಿರಬೇಕು ಎಂದಳು. ಕಂಪ್ಯೂಟರನ್ನು ಕಣ್ಣಿನಲ್ಲಿ ನೋಡದ ಇಬ್ಬರೂ ಅದರ ತಪ್ಪುಗಳ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು. ಪುಷ್ಪಮ್ಮ ತಂದಿದ್ದ ಹೊಸ ಬ್ಲೌಸ್ ಪೀಸನ್ನು ಕೊಡದೆ ವಾಪಸು ತೆಗೆದುಕೊಂಡು ಹೋದಳು. ಬಂದಾಗ ಅದು ಅವಳ ಕಂಕುಳಲ್ಲಿದ್ದದ್ದನ್ನು ಸುವರ್ಣಮ್ಮ ನೋಡಿದ್ದಳು.

ಸಂಜೆ ಬಸ್ಸಿಳಿದು ಬಂದ ಮುರಳಿ ಎಲ್ಲವನ್ನೂ ಒಪ್ಪಿಕೊಂಡ. ಅವನ ಪ್ರಕಾರ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಕಂಪ್ಯೂಟರಿನ ಫಾರಂನಲ್ಲಿ ಹೆಸರು, ಗಂಡನ ಹೆಸರು, ಮನೆ ನಂಬರು, ಊರು ಎಂದು ನಾಲ್ಕು ಕಾಲಂ ಇತ್ತು, ಅಮ್ಮನ ಪುಸ್ತಕದಲ್ಲೂ ನಾಲ್ಕೇ ಕಾಲಂ ಇತ್ತು, ಹೆಸರು, ಮನೆ, ಊರು ಹೋಗಿ ಉಳಿದದ್ದು ಗಂಡನ ಹೆಸರೆಂದು ಮೋನಿಕಾ ಕೂರಿಸಿದ್ದಳು.

"ಬರೀ ಹೆಸರು, ಅಡ್ರೆಸ್ ಅಮ್ಮ. ಪೋಸ್ಟ್‌ಮ್ಯಾನಿಗೆ ಗೊತ್ತಿಲ್ದೇ ಇರೋದು ಅದ್ರಲ್ಲಿ ಏನಿದೆ?"

"ಅವರು ಪೋಸ್ಟ್‌ಮ್ಯಾನ್ ಮುಂದೆ ಕೈ ಎತ್ತಿ ನಿಲ್ಲಲ್ಲ ಕಣೋ," ಎಂದಳು ಸುವರ್ಣಮ್ಮ. "ನನ್ನ ಮುಂದೆ ನಿಲ್ತಾರೆ."

ಮುರಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಹಾಗೂ ಇರಲಿಲ್ಲ. ಅವಳು ಬಾಯಿ ಬಿಟ್ಟರೆ ಮಗನಿಗೆ ತಿಳಿಯುತ್ತದೆ, ಮಗನಿಂದ ಮಾಲೀಕರಿಗೆ, ಅಲ್ಲಿಗೆ ಆರುನೂರ ನಲವತ್ತು ಹೆಂಗಸರ ಎದೆಯಳತೆ, ಹೆಸರು ಮನೆ ನಂಬರು ಸಮೇತ, ಶಿವಮೊಗ್ಗದ ಅಂಗಡಿಯೊಂದರ ಪೆಟ್ಟಿಗೆಯಲ್ಲಿ. ಆಮೇಲೆ ಅವಳ ಮುಂದೆ ಯಾವಳೂ ಕೈ ಎತ್ತುವುದಿಲ್ಲ. ಎತ್ತಬಾರದು ಕೂಡ. ಸದ್ಯಕ್ಕೆ ಅವರ ಮರ್ಯಾದೆ ಕಾಯುತ್ತಿದ್ದದ್ದು ಮೋನಿಕಾಳ ತಪ್ಪೊಂದೇ.

ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ ಷಣ್ಮುಖಪ್ಪ ಈಗ ರಿಟೈರ್ ಆಗಿದ್ದ. ಮಗ ಬಚ್ಚಲಿಗೆ ಹೋದದ್ದೇ ತಡ, ಟವೆಲು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

"ಇಪ್ಪತ್ತೆಂಟು ವರ್ಷ ಆ ಲೈನಲ್ಲಿ ಓಡಾಡಿದೀನಿ ಮಾರಾಯ್ತಿ, ಮಾಚೇನಹಳ್ಳೀಲಿ ಇಷ್ಟು ಜನ ಹೆಂಗಸರು ಒಟ್ಟಿಗೆ ಇಳಿದದ್ದು ನೋಡೇ ಇಲ್ಲ."

ಅವನು ತಮಾಷೆಗೆ ಹೇಳಿದ್ದನ್ನೇ ಚಂದ್ರಶೇಖರಪ್ಪ ಅಷ್ಟರಲ್ಲಿ ಗಂಭೀರವಾಗಿ ಲೆಕ್ಕ ಹಾಕಿದ್ದರು. ಮೋನಿಕಾ ಊರುವಾರು ಪಟ್ಟಿ ತೆಗೆದು ಕೊಟ್ಟಿದ್ದಳು. ಮಾಚೇನಹಳ್ಳಿಯಲ್ಲಿ ನೂರ ಎಂಬತ್ತೊಂದು ಹೆಂಗಸರು. 'ಮಾಚೇನಹಳ್ಳಿ ದಾಟಿ' ಇನ್ನೂ ತೊಂಬತ್ತು. ಪಕ್ಕದ ಅಂಗಡಿಯವರು ಯಾರೂ ಇದನ್ನು ಕಂಡಿರಲಿಲ್ಲ. ಅವರ ಹತ್ತಿರ ಡೇಟಾ ಇರಲಿಲ್ಲ. ಯುಗಾದಿಗೆ ಹದಿನೈದು ದಿನ ಇರುವಾಗ ಚಂದ್ರಶೇಖರಪ್ಪ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಖಾಲಿ ಶೆಡ್ಡೊಂದನ್ನು ಹಿಡಿದು, ಶಾಮಿಯಾನ ಹಾಕಿಸಿ, ಬಾಗಿಲಿಗೆ ಬಾಳೆಕಂಬ ಕಟ್ಟಿಸಿ, ಮೂರು ದಿನದ ಸೀರೆ ಮೇಳ ಇಟ್ಟರು. ಉಸ್ತುವಾರಿ ಮುರಳಿಯದು.

ಎಡಕ್ಕೆ ಒಂದು ಲೇತ್ ವರ್ಕ್‌ಶಾಪು, ಬಲಕ್ಕೆ ಒಂದು ಫೌಂಡ್ರಿ. ಮೊದಲ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ನೀಲಿ ಅಂಗಿಯ ಗಂಡಸರು ಬಂದು ಫ್ಯಾನಿನ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಎರಡನೇ ದಿನ ಗ್ರೀಸು ಮೆತ್ತಿದ ಕೈಯ ಟರ್ನರ್ ಒಬ್ಬ ಬಂದು, ಇಷ್ಟೆಲ್ಲ ಬಟ್ಟೆ ಇಟ್ಟಿದೀರಿ, ಒರೆಸಕ್ಕೆ ಬನಿಯನ್ ವೇಸ್ಟ್ ಸಿಗುತ್ತಾ ಎಂದು ವಿನಯದಿಂದ ಕೇಳಿದ. ಮೂರನೇ ದಿನ ಒಬ್ಬ ಹೆಂಗಸು ಬಂದಳು. ಅವಳು ನೀರು ಕೇಳಿದಳು.

ಚಂದ್ರಶೇಖರಪ್ಪ ಮುರಳಿಯನ್ನು ಕರೆದು, ಈ ಹೆಂಗಸರನ್ನೆಲ್ಲ ಅವನೇ ಕೂತು ಹುಟ್ಟಿಸಿದ್ದಾನೆ ಎಂದು ಆರೋಪಿಸಿದರು. ಪುಸ್ತಕ ನಿಜವೇ ಆಗಿದ್ದರೆ ಅದನ್ನು ಬರೆದವರನ್ನು ಕರೆದುಕೊಂಡು ಬರಬೇಕು, ಇಲ್ಲವಾದರೆ ಕೆಲಸಕ್ಕೆ ಬರುವುದು ಬೇಡ. ಮುರಳಿ ಮನೆಗೆ ಬಂದು ಅಮ್ಮನ ಮುಖ ನೋಡದೆ ಇಷ್ಟನ್ನು ಹೇಳಿದ. ಸುವರ್ಣಮ್ಮ ಮಾರನೆಯ ಬೆಳಿಗ್ಗೆ ಟೇಪನ್ನು ಅಭ್ಯಾಸಬಲದಿಂದ ಕೊರಳಿಗೆ ಹಾಕಿಕೊಂಡೇ ಶಿವಮೊಗ್ಗದ ಬಸ್ ಹತ್ತಿದಳು. ಅವಳಿಗೆ ಬೇಕಾಗಿದ್ದದ್ದು ಮಗನ ಕೆಲಸವಲ್ಲ. ಅಂದರೆ, ಅದೂ ಬೇಕಿತ್ತು. ಆದರೆ ಮೊದಲು ಆ ಜೆರಾಕ್ಸ್ ಹಾಳೆಗಳು. ದಾರಿಯಲ್ಲಿ ಕಿಟಕಿಯಾಚೆ ಒಂದೊಂದೇ ಸ್ಟಾಪು ಬಂದು ಹೋಗುವಾಗ ಅವಳಿಗೆ ಗಿರಾಕಿಗಳ ಮುಖಗಳೇ ಕಾಣುತ್ತಿದ್ದವು.

ಸಿರಿಸೆರಗಿನಲ್ಲಿ ಚಂದ್ರಶೇಖರಪ್ಪ ಹಾಳೆಗಳನ್ನು ಗಾಜಿನ ಕೌಂಟರಿನ ಮೇಲೆ ಹರವಿಕೊಂಡು ಕೂತಿದ್ದರು. ಪಕ್ಕದ ಗಲ್ಲಾದಲ್ಲಿ ಅವರ ಹೆಂಡತಿ ಸಮತಾ ಇದ್ದಳು. ಸುವರ್ಣಮ್ಮನನ್ನು ಕಂಡು ಸಮತಾಳ ಮುಖ ಅರಳಿತು. ಅವಳ ತವರು ಭದ್ರಾವತಿಯ ಪೇಪರ್‌ಟೌನ್. ಲಂಗ ದಾವಣಿಯಿಂದ ಹಿಡಿದು ಧಾರೆಯ ಬ್ಲೌಸಿನವರೆಗೆ ಅವಳ ಮೈಮೇಲೆ ಇದ್ದದ್ದೆಲ್ಲ ಸುವರ್ಣಾಂಟಿಯ ಕೈಯ ಹೊಲಿಗೆ.

ಕಾಫಿ ಬಂತು. ಚಂದ್ರಶೇಖರಪ್ಪ ಮರ್ಯಾದೆಯಿಂದಲೇ, ಮಾಚೇನಹಳ್ಳಿಯ ಇನ್ನೂರ ಎಪ್ಪತ್ತೊಂದು ಹೆಂಗಸರು ಎಲ್ಲಿ ಹೋದರು ಎಂದು ಕೇಳಿದರು.

"ಒಂದೇ ಕಡೆ ಇರ್ತಾರಾ ಸ್ವಾಮಿ," ಎಂದಳು ಸುವರ್ಣಮ್ಮ. "ಮುಂದೆ ಹೋಗಿರ್ತಾರೆ."

ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನ್ನಿಸಿತು. ಚಂದ್ರಶೇಖರಪ್ಪ ಹಾಳೆಯ ಮೇಲೆ ಬಗ್ಗಿದರು. ಗಿರಾಕಿ ಬೆಳೆದ ಹಾಗೆ ಸುವರ್ಣಮ್ಮ ಹಳೆಯ ಸ್ಟಾಪನ್ನು ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತಿದ್ದಳು. ಮೋನಿಕಾ ಕೊನೆಯದನ್ನು ಮಾತ್ರ ಟೈಪ್ ಮಾಡಿದ್ದಳು, ಜೆರಾಕ್ಸಿನಲ್ಲಿ ಎಲ್ಲವೂ ಇತ್ತು. ಕಡದಕಟ್ಟೆ ಹೊಡೆದು ಮಾಚೇನಹಳ್ಳಿ, ಮಾಚೇನಹಳ್ಳಿ ಹೊಡೆದು ನಿದಿಗೆ. ಎಲ್ಲರೂ ಶಿವಮೊಗ್ಗದ ಕಡೆಗೇ ಹೊರಟವರು. ಹಿಂದಕ್ಕೆ ಬಂದವರು ಇಡೀ ಪುಸ್ತಕದಲ್ಲಿ ನಾಲ್ಕು ಮಂದಿ. ಚಂದ್ರಶೇಖರಪ್ಪನವರಿಗೆ ಡೇಟಾ ಹೊಸದಿರಬಹುದು, ಹೆಂಗಸರ ಬಟ್ಟೆ ಹೊಸದಲ್ಲ. ಅವರು ನಿಧಾನವಾಗಿ ತಲೆಯೆತ್ತಿ ಸುವರ್ಣಮ್ಮನ ಕೊರಳಲ್ಲಿದ್ದ ಟೇಪನ್ನು ನೋಡಿದರು.

"ಇದು ಊರಲ್ಲ," ಎಂದರು. "ಇಂಚು."

ಸುವರ್ಣಮ್ಮ ಟೇಪನ್ನು ಸೆರಗಿನೊಳಗೆ ಸರಿಸಿದಳು. ಮುರಳಿಯ ಕಿವಿ ಕೆಂಪಾಯಿತು. ಒಂದು ಕ್ಷಣದಲ್ಲಿ ಅವನು ಬಾಲ್ಯದಿಂದ ಕಂಡ ಆ ಪುಸ್ತಕವನ್ನೆಲ್ಲ ಮತ್ತೆ ಓದಿಕೊಂಡಂತಿತ್ತು. ನೆಲ ನೋಡುತ್ತ ನಿಂತ.

ಚಂದ್ರಶೇಖರಪ್ಪನವರ ಸಿಟ್ಟು ಹೊರಟೇ ಹೋಯಿತು. ಅವರು ಎದ್ದು ನಿಂತು, ಓಡಾಡುತ್ತ, ತಮ್ಮ ಮುಂದಿನ ಹತ್ತು ವರ್ಷವನ್ನು ಅಲ್ಲೇ ಹೊಲಿದು ಮುಗಿಸಿದರು. ಆರುನೂರ ನಲವತ್ತು ಹೆಂಗಸರಿಗೆ ಅವರವರ ಅಳತೆಯ ರೆಡಿಮೇಡ್ ಬ್ಲೌಸು, ಹೆಸರು ಬರೆದ ಪೊಟ್ಟಣದಲ್ಲಿ, ಮನೆ ಬಾಗಿಲಿಗೆ. ಸೀರೆ ಜೊತೆಗೆ ಬ್ಲೌಸು, ಬ್ಲೌಸು ಬಂದ ಮೇಲೆ ಸೀರೆ. ಮುರಳಿ ಆ ವಿಭಾಗಕ್ಕೆ ಮ್ಯಾನೇಜರ್. ಸುವರ್ಣಮ್ಮನಿಗೆ ಮಳಿಗೆಯ ಒಳಗೇ ಎ.ಸಿ. ಇರುವ ಗಾಜಿನ ಕೋಣೆ. ಅವಳು ಮಾಡಬೇಕಾದದ್ದು ಇಷ್ಟೇ, ಯಾವ ಸ್ಟಾಪಿಗೆ ಎಷ್ಟು ಇಂಚು ಎಂದು ಮೋನಿಕಾಳಿಗೆ ಹೇಳಬೇಕು. ಐದು ನಿಮಿಷದ ಕೆಲಸ.

ಗಾಜಿನ ಕೋಣೆಯ ಆಸೆ ಸುವರ್ಣಮ್ಮನಿಗೆ ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹದಿನೆಂಟು ವರ್ಷ ತಗಡಿನ ಮಾಡಿನ ಕೆಳಗೆ ಮಿಷನ್ ತುಳಿದವಳು. ಮಗನ ಬಗ್ಗಿದ ತಲೆಯನ್ನೂ ನೋಡಿದಳು. ಆಮೇಲೆ ಕಂಕುಳಲ್ಲೇ ವಾಪಸು ಹೋದ ಪುಷ್ಪಮ್ಮನ ಬ್ಲೌಸ್ ಪೀಸು ನೆನಪಾಯಿತು. ಅವಳು ಕಾಫಿ ಲೋಟ ಕೆಳಗಿಟ್ಟಳು.

"ಹೇಳ್ತೀನಿ, ಅದಕ್ಕೇನು. ಪೇಪರ್‌ಟೌನ್ ಪುಟ ತೆಗೀರಿ. ಕೆಳಗಿಂದ ಮೂರನೇ ಸಾಲು. ನಿಮ್ಮ ಮನೆಯವರದ್ರಿಂದಲೇ ಶುರು ಮಾಡ್ಲಾ?"

ಸೀರೆ ಮಡಿಸುತ್ತಿದ್ದ ಐದಾರು ಮಂದಿ ಹುಡುಗರ ಕೈ ನಿಂತಿತು. ಚಂದ್ರಶೇಖರಪ್ಪ ಗಡಿಬಿಡಿಯಲ್ಲಿ ಆ ಪುಟ ಹುಡುಕಲು ಹೋಗಿ, ಸಿಕ್ಕಿದ ತಕ್ಷಣ ಅದರ ಮೇಲೆ ಎರಡೂ ಅಂಗೈ ಒತ್ತಿಟ್ಟರು. ಸಮತಾ ಗಲ್ಲಾದಿಂದ ಎದ್ದು ಬಂದಳು. ಗಂಡನ ಕೈಯನ್ನು ಮೆಲ್ಲಗೆ ಸರಿಸಿ, ತನ್ನ ಹೆಸರಿನ ಮುಂದೆ ಹೊಡೆದು ಹೊಡೆದು ಬರೆದ ಮೂರು ಊರುಗಳನ್ನೂ, ಕೊನೆಯಲ್ಲಿದ್ದ 'ಬೆನ್ನು ಇಳಿಸಿ, ಅಪ್ಪನಿಗೆ ಹೇಳಬೇಡಿ' ಎಂಬ ಷರಾವನ್ನೂ ಓದಿದಳು. ಈ ಲೆಕ್ಕದಲ್ಲಿ ಕಂಪ್ಯೂಟರಿನೊಳಗೆ ಅವಳ ಗಂಡನ ಹೆಸರು ಏನೆಂದು ದಾಖಲಾಗಿರಬಹುದು ಎಂದು ಅಲ್ಲಿದ್ದವರಲ್ಲಿ ಮೋನಿಕಾಳಿಗೆ ಮಾತ್ರ ಗೊತ್ತಿತ್ತು. ಅವಳು ಪರದೆಯ ಹಿಂದೆ ಇನ್ನಷ್ಟು ಕುಗ್ಗಿದಳು.

"ಅಳಿಸು," ಎಂದಳು ಸಮತಾ ಅವಳಿಗೆ.

"ಮೇಡಂ, ನಿಮ್ಮದೊಂದಾ?"

"ಎಲ್ಲಾನೂ."

ಚಂದ್ರಶೇಖರಪ್ಪ ವ್ಯಾಪಾರ, ಬಂಡವಾಳ ಎಂದೇನೋ ಶುರು ಮಾಡಿದರು. ಸಮತಾ ಅವರ ಕಡೆ ತಿರುಗಿ, ನಿಮ್ಮ ಸೊಂಟದ ಸುತ್ತಳತೆಯನ್ನೂ ಹೊರಗೆ ಬೋರ್ಡಿನಲ್ಲಿ ಬರೆಸೋಣವೇ ಎಂದು ತಣ್ಣಗೆ ಕೇಳಿದಳು. ಅವರು ಕೂತರು. ಕಂಪ್ಯೂಟರ್ ಮಾತ್ರ ಒಂದು ಸಲಕ್ಕೆ ಒಪ್ಪಲಿಲ್ಲ. ನಿಜವಾಗಿಯೂ ಅಳಿಸಬೇಕೇ ಎಂದು ಎರಡೆರಡು ಸಲ ಕೇಳಿತಂತೆ. ಆ ಮಳಿಗೆಯಲ್ಲಿ ಯಾರನ್ನಾದರೂ ಕೇಳಿ ಮುಂದುವರಿದದ್ದು ಅದೊಂದೇ ಎಂದು ಸುವರ್ಣಮ್ಮನಿಗೆ ಅನ್ನಿಸಿತು. ಫ್ಲಾಪಿಯಲ್ಲಿದ್ದ ಇನ್ನೊಂದು ಪ್ರತಿಯನ್ನು ಮೋನಿಕಾ ತಾನಾಗಿಯೇ ತೆಗೆದು ಕೊಟ್ಟಳು. ಹಾಳೆಗಳನ್ನು ಸುವರ್ಣಮ್ಮ ಎಣಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಮುರಳಿಯ ಕೆಲಸ ಉಳಿಯಿತು. ಈ ಹುಡುಗ ಹೊರಗೆ ತಿರುಗಾಡುವುದಕ್ಕಿಂತ ತನ್ನ ಕಣ್ಣ ಮುಂದೆ ಇರುವುದೇ ವಾಸಿ ಎಂದು ಸಮತಾ ತೀರ್ಮಾನಿಸಿ, ಅವನನ್ನು ಮಹಡಿಯ ಮೇಲಿನ ಪಂಚೆ, ಟವೆಲು ವಿಭಾಗಕ್ಕೆ ಹಾಕಿದಳು.

ವಾಪಸು ಬರುವ ಬಸ್ಸಿನಲ್ಲಿ ಮುರಳಿ ವಿದ್ಯಾನಗರದಿಂದ ಕಡದಕಟ್ಟೆಯವರೆಗೆ ತಲೆ ತಗ್ಗಿಸಿ ಕೂತಿದ್ದ. ಕಂಡಕ್ಟರ್ ಒಂದೊಂದು ಸ್ಟಾಪು ಕೂಗಿದಾಗಲೂ ಅವನು ಇನ್ನಷ್ಟು ಕುತ್ತಿಗೆ ಬಗ್ಗಿಸುತ್ತಿದ್ದ.

ಹಾಳೆಗಳು ಸ್ನಾನದ ಒಲೆಗೆ ಹೋದವು. ಆದರೆ ಅದರಿಂದ ಎಲ್ಲ ಮುಗಿಯಲಿಲ್ಲ. ಮರುದಿನ ಸುವರ್ಣಮ್ಮ ಅಂಗಡಿ ಬಾಗಿಲು ಎಳೆದು 212ನೇ ನಂಬರ್ ಮನೆಗೆ ತಾನೇ ಹೋದಳು. ಅಕ್ಕಿ ಆರಿಸುತ್ತಿದ್ದ ಪುಷ್ಪಮ್ಮನ ಎದುರು ಕೂತು, ಪುಸ್ತಕ ತನ್ನ ಕೈ ತಪ್ಪಿ ಹೊರಗೆ ಹೋಗಿತ್ತು, ತಪ್ಪು ಕಂಪ್ಯೂಟರಿನದಲ್ಲ, ತನ್ನ ಮನೆಯದು ಎಂದಳು. ಈಗ ಎಲ್ಲ ಸುಟ್ಟಾಗಿದೆ. ಇನ್ನು ಬೇರೆ ಟೈಲರ್ ನೋಡಿಕೊಂಡರೂ ತನಗೆ ಬೇಜಾರಿಲ್ಲ.

ಪುಷ್ಪಮ್ಮ ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು. ಇನ್ನೊಂದು ಹೆಕ್ಕಿದಳು. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಾನು ಮಲವಗೊಪ್ಪ. ಈಶ್ವರಿ ಮಾಚೇನಹಳ್ಳಿ. ಅಲ್ವಾ ಸುವರ್ಣಕ್ಕ?"

ಸುವರ್ಣಮ್ಮ ಮೊರಕ್ಕೆ ಕೈ ಹಾಕಿ ತಾನೂ ಒಂದು ಕಲ್ಲು ಹೆಕ್ಕಿದಳು.

"ಲೆಟರ್ ಬಂದ ದಿನವೇ ಅರ್ಧ ಗೊತ್ತಾಗಿತ್ತು ಬಿಡಿ. ಅವಳಿಗಿಂತ ಎರಡು ಸ್ಟಾಪ್ ಮುಂದೆ ಇದೀನಿ ಅನ್ನೋದನ್ನ ಅವಳಿಗೆ ಹೇಳ್ಬೇಡಿ. ಅವಳು ಮಾಚೇನಹಳ್ಳಿ ಹತ್ರ ಫ್ಯಾಕ್ಟರಿ ಇದೆ, ಆ ಊರೇ ದೊಡ್ಡದು ಅಂದ್ಕೊಂಡು ಖುಷಿಯಾಗಿದಾಳೆ."

ಇಬ್ಬರೂ ಸದ್ದಾಗದಂತೆ ನಕ್ಕರು. ಹೊರಡುವಾಗ ಪುಷ್ಪಮ್ಮ ಒಳಗಿನಿಂದ ಬ್ಲೌಸ್ ಪೀಸು ತಂದು ಕೊಟ್ಟಳು. ಕೈ ಎತ್ತಿ ನಿಂತಳು. ಸುವರ್ಣಮ್ಮ ಅಲ್ಲೇ ಹೊಸ್ತಿಲ ಒಳಗೆ ಟೇಪು ಸುತ್ತಿದಳು. ಬಿಗಿ ಬೇಡ ಎಂದು ಪುಷ್ಪಮ್ಮ ಹೇಳಲಿಲ್ಲ. ಇಬ್ಬರಿಗೂ ಅದು ಈಗ ಒಬ್ಬ ಮನುಷ್ಯನ ಹೆಸರಾಗಿಬಿಟ್ಟಿತ್ತು.

ಸಂಜೆ ಸುವರ್ಣಮ್ಮ ಹೊಸ ಪುಸ್ತಕ ತೆರೆದಳು. ಹಳೆಯದಕ್ಕೆ ಬೀಗ ಬಿತ್ತು. ತರೀಕೆರೆ ಲೈನಿನ ಸ್ಟಾಪುಗಳು ಬೇಕಾದರೆ ತಾನು ಹೇಳಿಕೊಡುತ್ತೇನೆ ಎಂದು ಷಣ್ಮುಖಪ್ಪ ಉತ್ಸಾಹದಿಂದ ಹೇಳಿದ. ಅವಳು ಬೇಡ ಎಂದಳು. ಇಷ್ಟು ವರ್ಷ ಗುಟ್ಟಿನಲ್ಲಿ ಅರ್ಧ ಪಾಲುದಾರನಾಗಿದ್ದವನಿಗೆ 'ಬೇಡ' ಎಂದದ್ದು ಸ್ವಲ್ಪ ಚುಚ್ಚಿತು. ಅವಳು ಹಾಲು ಕಾಯಿಸಲು ಒಳಗೆ ಹೋದಾಗ ಅವನು ಕನ್ನಡಕ ಏರಿಸಿಕೊಂಡು ಮೊದಲ ಪುಟಕ್ಕೆ ಇಣುಕಿದ. ಪುಷ್ಪಮ್ಮ, 212, ಆರಿದ್ರಾ. ಅದರ ಕೆಳಗೆ ಈಶ್ವರಮ್ಮ, 212, ರೋಹಿಣಿ.

"ಇದೇನು ಮಾರಾಯ್ತಿ," ಎಂದು ಅಲ್ಲಿಂದಲೇ ಕೂಗಿ ಕೇಳಿದ, "ಗಿರಾಕಿಗಳ ಜನ್ಮನಕ್ಷತ್ರಾನೂ ಬರ್ಕೊಳ್ಳಕ್ಕೆ ಶುರು ಮಾಡಿದ್ಯಾ?"

ಒಳಗೆ ಅವಳು ಹಾಲು ಉಕ್ಕುವುದನ್ನು ಕಾಯುತ್ತ, ಅಶ್ವಿನಿ, ಭರಣಿ ಎಂದು ಎರಡೆರಡು ಇಂಚಿಗೆ ಬೆರಳು ಮಡಿಸುತ್ತಿದ್ದಳು.

"ಹೂಂ," ಎಂದಳು ಸುವರ್ಣಮ್ಮ.